ಕೈ ತೊಳೆದ ಮೇಲಿನ ಜಗಳ

ಆ ಟೀವಿ ಕತೆ ಒಪ್ಪಿಗೆಯಾಗಿದ್ದು ನನ್ನ ಮೊಮ್ಮಗಳ ಬರವಣಿಗೆಯಿಂದ ಅಲ್ಲ, ನನ್ನ ತಂಗಿಯ ಗಂಡನ ಪುಕ್ಕಲುತನದಿಂದ. ಮೊಮ್ಮಗಳು ಬೇರೆ ಥರ ಹೇಳುತ್ತಾಳೆ. ಹೇಳಲಿ, ಆ ದಿನ ರೊಟ್ಟಿ ಬಡಿಯುತ್ತ ಅಲ್ಲೇ ಕೂತಿದ್ದವಳು ನಾನು.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಕಡ್ಡಿರಾಂಪುರದ ರಸ್ತೆ ಬದಿ ನನ್ನದೊಂದು ಖಾನಾವಳಿ. ಪರದೇಶದ ಒಂದು ಕಂಪನಿ, ಮುಂಬೈಯ ಒಂದು ಕಂಪನಿ ಸೇರಿ ಮಾಡುವ ಧಾರಾವಾಹಿಗೆ ಮೊಮ್ಮಗಳು ಕತೆ ಬರೆಯುತ್ತಿದ್ದಳು. ಇಬ್ಬರೂ ಹೂಂ ಅಂದರೆ ಶೂಟಿಂಗು, ಒಬ್ಬರು ಒಲ್ಲೆ ಅಂದರೂ ಬರೆದಿದ್ದೆಲ್ಲ ಕಸ. ಎರಡು ವರ್ಷದಲ್ಲಿ ಮೊದಲ ಕಂತನ್ನು ಏಳು ಸಲ ಬರೆದಿದ್ದಳು.

ಊರು ನೋಡಲು ಬಂದ ಇಬ್ಬರನ್ನೂ ನನ್ನಲ್ಲಿಗೇ ಊಟಕ್ಕೆ ಕರೆತಂದಳು. ಪರದೇಶದ ಕಡೆಯಿಂದ ಬಿಳಿ ಕೂದಲಿನ ಹೆಂಗಸು, ಮುಂಬೈ ಕಡೆಯಿಂದ ದಪ್ಪನೆಯ ಗಂಡಸು. ಇವತ್ತು ಒಪ್ಪದಿದ್ದರೆ ಕೈಬಿಡುತ್ತಾರೆ ಎಂದು ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು.

ಅವಳು ಬರೆದಿದ್ದು ಇಷ್ಟು: ಗಂಡ ಹೆಂಡತಿಗೆ ಹೇಳದೆ ಹೊಲವನ್ನು ಅದಿರು ಸುರಿಯಲು ಕೊಟ್ಟುಬಿಡುತ್ತಾನೆ. ಅವನು ಉಣ್ಣುತ್ತಿರುವಾಗ ಹೆಂಡತಿ ತಾಟು ಕಸಿದು ಎಸೆದು ಕೂಗಾಡುತ್ತಾಳೆ. ಮುಂಬೈಯವನಿಗೆ ಕೂಗಾಟ ಇನ್ನೂ ಜೋರಿರಬೇಕು. ಆ ಹೆಂಗಸಿಗೆ ಅದೇ ಬೇಡ, ತಾಟು ಎಸೆಯುವುದನ್ನು ಎಲ್ಲ ದೇಶದ ಟೀವಿಯಲ್ಲೂ ನೋಡಿ ಸಾಕಾಗಿದೆ ಅಂದಳಂತೆ. ಮೊಮ್ಮಗಳ ಮುಖ ಬಾಡಿತು.

ನಾನು ಒಲೆಯ ಮುಂದಿನಿಂದಲೇ ಕೂಗಿದೆ: “ಲೇ, ಉಣ್ಣಾಕ ಕುಂತ ಮನಷ್ಯಾಗ ಯಾರರ ಬೈತಾರೇನ? ಕೈ ತೊಳಕಳ್ಳೋ ತನಕ ತಡೀಬೇಕು. ಇಷ್ಟೂ ಗೊತ್ತಿಲ್ಲ, ಕತಿ ಬರೀತಾಳಂತ.”

“ಅಜ್ಜೀ, ಸ್ವಲ್ಪ ಸುಮ್ನಿರು.”

“ಸುಮ್ನಿರಂಗಿಲ್ಲ. ಪಾಪಿನಾಯಕನಹಳ್ಳ್ಯಾಗ ನಿಮ್ ಸಣ್ಣಜ್ಜಿ ಏನ್ ಮಾಡಿದ್ಲು? ಗಂಡ ಹೇಳದಂಗ ಹೊಲ ಕೊಟ್ಟ ಸುದ್ದಿ ಗೊತ್ತಾದ್ರೂ ಬಾಯಿ ಬಿಡಲಿಲ್ಲ, ರೊಟ್ಟಿ ನೀಡಿದ್ಲು. ಅಕಿ ಮಾರಿ ನೋಡಿ ಆತಗ ತಿಳೀತು. ಕೈ ತೊಳದ್ರ ಮುಗೀತಂತ ಇನ್ನೊಂದ್ ಹಾಕು, ಇನ್ನೊಂದ್ ಹಾಕು ಅಂತ ಉಂಡಿದ್ದೇ ಉಂಡಿದ್ದು. ಹಿಟ್ಟು ಖಾಲಿ ಆತು. ಮಜ್ಜಿಗಿ ಕೇಳಿದ. ಅಕಿ ಒಂದ್ ಚೊಂಬು ಮಜ್ಜಿಗಿ ಇಟ್ಲು, ಬಾಜೂಕ ಕೈ ತೊಳ್ಯೋ ನೀರೂ ಇಟ್ಲು.”

ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಕೆಮ್ಮು ಬರುವ ತನಕ ನಕ್ಕಳು. ಕೈ ತೊಳೆಯಲು ಎದ್ದಿದ್ದ ಮುಂಬೈಯವನು ಮತ್ತೆ ಕೂತು ನನ್ನ ಕಡೆ ಕೈಮುಗಿದು, “ಔರ್ ಏಕ್ ರೋಟಿ” ಅಂದ. ಮೊದಲ ಕಂತು ಪೂರ್ತಿ ಆ ಒಂದು ಊಟವೇ ಇರಲಿ ಎಂದು ಇಬ್ಬರೂ ಒಪ್ಪಿದರು. ಮೊಮ್ಮಗಳು ನನ್ನನ್ನು ತಬ್ಬಿಕೊಳ್ಳಲು ಬಂದಳು. ಕೈಯೆಲ್ಲ ಹಿಟ್ಟು, ದೂರ ನಿಲ್ಲು ಅಂದೆ.

ಆದರೆ ತಂಗಿಯನ್ನು ಒಂದು ಮಾತು ಕೇಳದೆ ಅವಳ ಮನೆಯ ಸುದ್ದಿ ಬಿಚ್ಚಿಟ್ಟಿದ್ದೆ. ಮರುದಿನ ಬೆಳಿಗ್ಗೆ ಖಾನಾವಳಿಗೆ ಬೀಗ ಹಾಕಿ, ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಅವಳ ಮನೆಗೆ ಹೋದೆ. ಅವಳ ಗಂಡ ಕಟ್ಟೆಯ ಮೇಲೆ ಚಾ ಕುಡಿಯುತ್ತಿದ್ದ. ನಾನು ತಂಗಿಗೆ ಎಲ್ಲ ಹೇಳಿ, “ಹೆಸರು ಬದಲಿಸ್ತಾರಂತ, ಹೆದರಬ್ಯಾಡ” ಅಂದೆ.

“ಯಾಕಕ್ಕಾ, ನನ್ ಹೆಸರಿಗೇನಾಗೈತಿ? ಬೇಕಂದ್ರ ಇವರದು ಬದಲಿಸ್ಲಿ” ಎಂದು ಗಂಡನ ಕಡೆ ಕೈ ತೋರಿಸಿದಳು.

ಎದುರಿನ ಅಂಗಡಿಗೆ ಹೋಗಿ ಮೊಮ್ಮಗಳಿಗೆ ಫೋನ್ ಹಚ್ಚಿ ಹಾಗೇ ಹೇಳಿದೆ.