ಪೋ ತೀನನ ತೇಜಸ್ಸು

ಬರ್ಮಾದ ಮಂಡಲೆಯ ನಮ್ಮ ಗಲ್ಲಿಯಲ್ಲಿ ಸೈಕಲ್ ರಿಕ್ಷಾ ತುಳಿಯುವ ಪೋ ತೀನನಿಗೆ ಇದ್ದ ಆಸ್ತಿಯೆಂದರೆ ಒಂದು ರಿಕ್ಷಾ, ಒಬ್ಬಳು ಹೆಂಡತಿ ಮತ್ತು ಗಂಡಸಿನ ತೇಜಸ್ಸು. ಮೊದಲೆರಡರ ಬಗ್ಗೆ ಅವನು ಅಷ್ಟಾಗಿ ತಲೆ ಕೆಡಿಸಿಕೊಂಡವನಲ್ಲ. ಮೂರನೆಯದನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ನಮ್ಮಲ್ಲಿ ಹೆಂಗಸರು ಉಡುವುದೂ ಲುಂಗಿಯೇ; ಹೆಂಡತಿ ಮಾ ಏಯಿಯ ಲುಂಗಿ ನೆನೆದ ಬಕೆಟ್ಟಿಗೆ ತನ್ನದನ್ನು ಹಾಕಗೊಡುತ್ತಿರಲಿಲ್ಲ. ಹೆಂಗಸರ ಲುಂಗಿ ಒಣಗಹಾಕಿದ ಹಗ್ಗದ ಕೆಳಗೆ ಹಾದರೆ ಗಂಡಸಿನ ತೇಜಸ್ಸು ಸೋರಿಹೋಗುತ್ತದೆಂದು ಅವನ ಅಜ್ಜಿ ಹೇಳಿದ್ದಳು.

ಸಿಪಾಯಿಗಳಿಗೂ ಅಜ್ಜಿಯರಿದ್ದರು. ಸರ್ಕಾರ ಉರುಳಿಸಿ ಕೂತ ಸೇನಾ ಮಂಡಳಿ ಮನೆಮನೆಗೆ ನುಗ್ಗಿ ಜನರನ್ನು ಎಳೆದೊಯ್ಯತೊಡಗಿದಾಗ, ಹೆಂಗಸರು ಗಲ್ಲಿಯ ಬಾಯಿಗೆ ಅಡ್ಡಲಾಗಿ ಹಗ್ಗ ಕಟ್ಟಿ ತಮ್ಮ ಲುಂಗಿಗಳನ್ನು ನೇತುಹಾಕಿದರು. ಕಲ್ಲಿಗೆ ಜಗ್ಗದ ಸಿಪಾಯಿಗಳು ಅದರೆದುರು ಕಂಬವಾದರು. ನಮ್ಮಂಥ ಶೂರರು ತೇಜಸ್ಸನ್ನು ಪಕ್ಕಕ್ಕಿಟ್ಟು ಅಡಿಯಿಂದ ನುಸುಳಿ ಮನೆ ಸೇರಿಕೊಂಡೆವು. ಪೋ ತೀನ್ ಹೊರಗೆ ರಿಕ್ಷಾದಲ್ಲೇ ಮಲಗತೊಡಗಿದ.

"ಬನ್ರೀ, ತಲೆ ಬಗ್ಸಿದ್ರೆ ಏನೂ ಸವೆಯಲ್ಲ," ಎನ್ನುತ್ತಿದ್ದಳು ಮಾ ಏಯಿ.

"ನಿಂಗೇನು ಗೊತ್ತು. ನನ್ನ ಹತ್ರ ಇರೋದು ಅದೊಂದೇ."

"ಇದ್ದಿದ್ರೆ ಇಷ್ಟು ವರ್ಷದಲ್ಲಿ ನನ್ನ ಕಣ್ಣಿಗೂ ಬೀಳ್ತಿತ್ತಲ್ಲ."

ಒಂದು ಮಧ್ಯಾಹ್ನ ಟ್ರಕ್ಕು ಬಂತು. ಎಲ್ಲರೂ ಒಳಕ್ಕೆ ಓಡಿದರು. ಮಾ ಏಯಿ ಹಗ್ಗದವರೆಗೂ ಬಂದು ಕೈ ಚಾಚಿದಳು. ಪೋ ತೀನ್ ಒಮ್ಮೆ ಮೇಲೆ ನೋಡಿದ, ನಿಂತ. ಅಷ್ಟರಲ್ಲಿ ಬಂದೂಕು ಬೆನ್ನಿಗೆ ತಾಗಿತು.

"ನೋಡ್ರೋ, ಈ ಊರಲ್ಲಿ ಸಂಸ್ಕಾರ ಇರೋನು ಒಬ್ಬ ಸಿಕ್ಕಿದ," ಎನ್ನುತ್ತ ಕ್ಯಾಪ್ಟನ್ ಒಂದು ಬಿದಿರು ಕೋಲು ಚಾಚಿದ. "ತಗೋ ಮಾವ, ಇಳ್ಸು. ನಮ್ಮ ಹುಡುಗ್ರು ಅದನ್ನ ಮುಟ್ಟಲ್ಲ."

"ನಾನೂ ಮುಟ್ಟಲ್ಲ ಸ್ವಾಮಿ."

"ರಿಕ್ಷಾ ತುಳಿಯೋನ ತೇಜಸ್ಸು ಯಾರಿಗೆ ಬೇಕಾಗಿದೆ? ಇಳ್ಸು. ಇಲ್ಲಾಂದ್ರೆ ಇಲ್ಲೇ ಮಲಗ್ತೀಯ."

ಹಗ್ಗ ಬರಿದಾದರೆ ಒಳಗಿದ್ದವರ ಗತಿಯೇನೆಂದು ಅವನಿಗೆ ಗೊತ್ತಿತ್ತು. ಮಾ ಏಯಿ ಬೇಡವೆಂದು ತಲೆಯಾಡಿಸುತ್ತಿದ್ದಳು. ಅವನು ಇಳಿಸಿದ. ಒಂದೊಂದನ್ನೂ ತಲೆಗೆ ಸೋಕದಂತೆ ಮೈ ಓರೆ ಮಾಡಿಕೊಂಡು, ಬಲು ಜೋಪಾನವಾಗಿ ಇಳಿಸಿದ.

ಸಿಪಾಯಿಗಳು ನುಗ್ಗಿದರು. ಮೊದಲು ಕೈಗೆ ಸಿಕ್ಕವಳು ಗಂಡನನ್ನು ಬಿಟ್ಟು ಓಡದೆ ನಿಂತಿದ್ದ ಮಾ ಏಯಿ. ತುರುಬು ಹಿಡಿದು ಎಳೆತಂದರು. ಬಂದೂಕಿನ ಹಿಡಿಯಿಂದ ಗುದ್ದಿದ್ದರಿಂದ ಬಾಯೆಲ್ಲ ರಕ್ತವಾಗಿತ್ತು.

"ಅನ್ನ ಒಲೆ ಮೇಲಿದೆ. ಹೋಗಿ ಊಟ ಮಾಡಿ," ಎಂದಳು ಅವನನ್ನು ದಾಟುವಾಗ. "ದಾರಿ ಈಗ ಮಡಿಯಾಗಿದೆಯಲ್ಲ."

ಟ್ರಕ್ಕು ಹೋದ ಮೇಲೆ ಪೋ ತೀನ್ ಎಲ್ಲೂ ಬಗ್ಗದೆ ನೆಟ್ಟಗೆ ಮನೆಗೆ ನಡೆದ. ಅನ್ನ ತಳ ಹಿಡಿದಿತ್ತು. ಸೀದದ್ದನ್ನು ಬಿಟ್ಟು ಮೇಲಿನದನ್ನು ಉಂಡ.