ಬಸಿದು ಚೆಲ್ಲಿದ ನೀರು

ನಮ್ಮ ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಎದ್ದದ್ದರಿಂದ ಅಜ್ಜಿ ಸೊಪ್ಪಿಗೆ ಹೋಗುವುದು ನಿಂತಿತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಿತವಾದ ಕತೆ, ತಪ್ಪೆಲ್ಲ ಬಿಲ್ಡರ್ ತಲೆಗೆ. ಆದರೆ ಅಲ್ಲಿ ಪಾಯ ತೋಡಿದ್ದು ಅಜ್ಜಿ ತೀರಿಕೊಂಡ ಮರುವರ್ಷ. ನಿಲ್ಲಿಸಿದ್ದು ನಾನು. ಇಸವಿ ಎರಡು ಸಾವಿರ ದಾಟಿದ ಮೊದಲ ವರ್ಷಗಳು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದೆ. ಮನೆಯಲ್ಲೂ ಗೆದ್ದೆ.

ಅಜ್ಜಿ ಮಂಡ್ಯದ ಕಡೆಯಿಂದ ಚೆನ್ನೈ ಅಂಚಿನ ತಾಂಬರಂನ ನಮ್ಮ ಮನೆಗೆ ಬಂದವಳು. ತಮಿಳು ಬಾರದು, ಟಿ.ವಿ. ಹಿಡಿಸದು. ಅವಳಿಗಿದ್ದ ಕೆಲಸ ಒಂದೇ, ಬೆರಕೆ ಸೊಪ್ಪು. ಊರಿನಲ್ಲಿ ಜೂನಿನ ಆರಿದ್ರಾ ಮಳೆಗೆ ಹೊಲದ ಬದುಗಳಲ್ಲಿ ತಾನಾಗಿ ಏಳುವ ಸೊಪ್ಪುಗಳನ್ನು ಒಂದೊಂದು ಹಿಡಿ ಕಿತ್ತು ಒಟ್ಟಿಗೆ ಬೇಯಿಸುತ್ತಾರೆ. ಚೆನ್ನೈಗೆ ಮಳೆ ಬರುವುದು ದೀಪಾವಳಿ ಹೊತ್ತಿಗೆ. ಅಜ್ಜಿ ಇದನ್ನು ಒಪ್ಪಲೇ ಇಲ್ಲ. ಜೂನ್ ಬಂತೆಂದರೆ, ಡಾಂಬರು ಮೆತ್ತಗಾಗುವ ಬಿಸಿಲಿನಲ್ಲಿ ಸೆರಗು ಹೊದ್ದು ಆ ಖಾಲಿ ಸೈಟಿಗೆ ಹೊರಟು, ಮಡಿಲ ತುಂಬ ಹೊನಗೊನೆ, ಗೋಣಿ, ಗಣಕೆ ಸೊಪ್ಪು ತರುವಳು. ಮೊರದ ಮುಂದೆ ಕೂತು ಕುಡಿ ಚಿವುಟುವಳು, ಗುರುತು ಹತ್ತದ ಎಲೆಯನ್ನು ಮೂಸಿ ಪಕ್ಕಕ್ಕೆಸೆಯುವಳು. ಅಮ್ಮ ಬಸ್ಸಾರು ಮಾಡುವಳು. ಈ ಊರಿನ ಸೊಪ್ಪಿಗೆ ರುಚಿಯೇ ಇಲ್ಲ, ಸಾರು ಬರೀ ನೀರು ಎಂದು ಅಜ್ಜಿ ಗೊಣಗುತ್ತಲೇ ಎರಡನೇ ಮುದ್ದೆ ಹಾಕಿಸಿಕೊಳ್ಳುವಳು.

ನನ್ನ ತರ್ಕ ಸರಳವಾಗಿತ್ತು. ಕುಡಿಯುವ ನೀರಿಗೇ ಬೀದಿಯಲ್ಲಿ ಲಾರಿ ಕಾಯುತ್ತೇವೆ. ಆ ಸೈಟು ಮಾತ್ರ ಹಸಿರಾಗಿರುವುದು ಹೇಗೆ? ಹೋಗಿ ನೋಡಿದೆ. ನಮ್ಮ ಬೀದಿಯ ಬಚ್ಚಲು, ಕಕ್ಕಸಿನ ನೀರೆಲ್ಲ ಅಲ್ಲಿಗೇ ಹರಿಯುತ್ತಿತ್ತು. ಸೊಪ್ಪು ಅದರ ಅಂಚಿನಲ್ಲೇ. ಊಟಕ್ಕೆ ಕೂತಾಗ ಒಂದೊಂದೇ ಪ್ರಶ್ನೆ ಹಾಕಿದೆ. ಮಳೆ ಬಂತೇ? ಇಲ್ಲ. ಯಾರಾದರೂ ನೀರು ಹಾಯಿಸುತ್ತಾರೆಯೇ? ಇಲ್ಲ.

“ಹಂಗಾದ್ರೆ ಅದು ಯಾವ ನೀರು ಅಜ್ಜಿ? ನಮ್ಮನೆ ಕಕ್ಕಸಿಂದೇ.”

ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. “ಇಷ್ಟು ದಿವ್ಸ ನಿಮ್ಗೆಲ್ಲ ಅದ್ನೇ ಉಣ್ಣಿಸ್ದ್ನಾ ಮಗ?”

ಹೌದು ಎಂದೆ. ಅಮ್ಮ ಒಲೆ ಕಡೆ ತಿರುಗಿ ನಿಂತಿದ್ದಳು.

ಆಮೇಲೆ ಅಜ್ಜಿ ಗೇಟು ದಾಟಲಿಲ್ಲ. ನಾನು ಕೋಯಂಬೇಡಿನ ಮಾರುಕಟ್ಟೆಯಿಂದ ಕಟ್ಟು ಕಟ್ಟು ಸೊಪ್ಪು ತಂದೆ. ಬಿಡಿಸಿ ಕೊಟ್ಟಳು, ತಿನ್ನಲಿಲ್ಲ. ಇದೆಲ್ಲ ಯಾರೋ ಬಿತ್ತಿದ್ದು ಎಂದಳು. ದೀಪಾವಳಿಗೆ ಮಳೆ ಬಂದು ನಮ್ಮ ಕಾಂಪೌಂಡಿನ ಸಂದಿಯಲ್ಲೇ ಗೋಣಿಸೊಪ್ಪು ಎದ್ದಿತು. ಇದು ಒಳ್ಳೆಯ ನೀರಿನದು, ಬಾ ಎಂದು ನಾನೇ ಕರೆದೆ. ಗೋಡೆ ಕಡೆಗೆ ಮಗ್ಗುಲಾದಳು. ಮುಂದಿನ ಜೂನ್ ಅವಳಿಗೆ ಬರಲಿಲ್ಲ. ನನ್ನ ವಾದದಲ್ಲಿ ತಪ್ಪು ಹುಡುಕಿದರೆ ಇಂದಿಗೂ ಸಿಗುವುದಿಲ್ಲ. ಅದರಿಂದ ಏನೂ ಸಮಾಧಾನವಿಲ್ಲ.

ಮೊನ್ನೆ ಅಮ್ಮ ಅಂಗಡಿಯ ಸೊಪ್ಪಿನಲ್ಲಿ ಬಸ್ಸಾರು ಮಾಡುತ್ತಿದ್ದಳು. ಸೊಪ್ಪು, ಬೇಳೆ ಬೇಯಿಸಿ ಬಸಿದು, ಆ ನೀರಿಗೇ ಖಾರ ಹಾಕಿದಳು. ಬಸ್ಸಾರು ಎಂದರೆ ಅದೇ, ಬಸಿದ ನೀರೇ ಸಾರು. ಆಗ ನೆನಪಾಯಿತು. ಅಜ್ಜಿ ತಂದ ಸೊಪ್ಪನ್ನು ಅಮ್ಮ ಉಪ್ಪು ಅರಿಶಿನದಲ್ಲಿ ನೆನೆಸಿ, ಒಮ್ಮೆ ಕುದಿಸಿ, ಅಜ್ಜಿ ಹಜಾರದಲ್ಲಿರುವಾಗ ಆ ನೀರನ್ನು ಸಿಂಕಿಗೆ ಚೆಲ್ಲಿ, ಹೊಸ ನೀರಿಟ್ಟು ಬೇಯಿಸುತ್ತಿದ್ದಳು. ಪ್ರತಿ ಸಲವೂ.

ಬೆಳ್ಳುಳ್ಳಿ ಸುಲಿಯುತ್ತಿದ್ದ ಅವಳನ್ನು ಕೇಳಿದೆ.

“ಮೊದಲ್ನೇ ನೀರು ಚೆಲ್ತಿದ್ದೆ, ಅಂದ್ರೆ ನಿಂಗೆ ಮುಂಚೇನೇ ಗೊತ್ತಿತ್ತು. ಅವತ್ತು ನಾನು ವಾದ ಮಾಡ್ತಿದ್ದಾಗ ಯಾಕಮ್ಮ ಸುಮ್ನಿದ್ದೆ?”