ಬೈದವನ ಎತ್ತು

ಕಳೆದ ಭಾನುವಾರ ನಮ್ಮೂರು ಕರೋಶಿಯಲ್ಲಿ ನನ್ನ ಅತ್ತಿಗೆ ತಾವು ಟ್ರ್ಯಾಕ್ಟರ್‌ನಿಂದ ಹೊಲ ಉಳುವ ವಿಡಿಯೊವನ್ನು ಜಾಲತಾಣದಲ್ಲಿ ಹಾಕಿದರು. ಸಂಜೆಗೆ ‘ಗಡಿನಾಡ ಹುಲಿ’ ಎಂಬ ಹೆಸರಿನಲ್ಲಿ ಒಂದು ಕಾಮೆಂಟ್ ಬಂತು: “ರೊಟ್ಟಿ ಬಡಿಯೂದು ಬಿಟ್ಟು ಹೊಲಕ್ಕ ಬಂದಾಳ, ನಾಚಿಕಿಲ್ಲದಾಕಿ.”

“ಮಂದಿ ನಗತಾರ, ವಿಡಿಯೊ ತಗದ ಹಾಕು,” ಎಂದು ಅಣ್ಣ ಹೇಳಿದ.

ಅತ್ತಿಗೆ ತೆಗೆಯಲಿಲ್ಲ. ಹೆಸರು ಸುಳ್ಳಾದರೂ ಅದರ ಪಕ್ಕದ ಫೋಟೊದಲ್ಲಿ ಒಂದು ಕೊಂಬು ಕೆಳಗೆ ಬಾಗಿದ ಎತ್ತು ಇತ್ತು. ನಮ್ಮೂರಲ್ಲಿ ಅಂಥ ಎತ್ತು ಇರುವುದು ಪಕ್ಕದ ಹೊಲದ ಬಾಳಪ್ಪಣ್ಣನ ಬಳಿ ಮಾತ್ರ. ಅತ್ತಿಗೆ ಎಲ್ಲರಿಗೂ ಕಾಣುವಂತೆ ಅಲ್ಲೇ ಉತ್ತರ ಬರೆದರು: “ಬಾಳಪ್ಪಣ್ಣಾರ, ನಿಮ್ಮ ಎತ್ತಿನ ಕಾಲಿನ ಬಾವು ಇಳೀತೇನ್ರಿ? ಇಳೀದಿದ್ರ ಹೇಳ್ರಿ, ನಿಮ್ಮ ಹೊಲಾನೂ ನಾನ ಹೊಡದ ಕೊಡ್ತೀನಿ.”

ಸ್ವಲ್ಪ ಹೊತ್ತಿನಲ್ಲಿ ಆ ಕಾಮೆಂಟ್ ಮಾಯವಾಯಿತು. ವಿಡಿಯೊ ಇನ್ನೂ ಇದೆ. ‘ಗಡಿನಾಡ ಹುಲಿ’ಯ ಫೋಟೊದಲ್ಲಿ ಈಗ ಗುಲಾಬಿ ಹೂವಿದೆ.